ಪೆಲೆಯ ದ್ವೀಪದ ದೀಪಗಳು

1881ನೆಯ ಇಸವಿ. ಶಾಂತಸಾಗರದ ನಡುವಣ ಹವಾಯಿ ರಾಜ್ಯದ ದೊರೆ ಕಲಾಕೌವ ಭೂಪ್ರದಕ್ಷಿಣೆಗೆಂದು ಹೊರಟವನು ಜಪಾನ್, ಚೀನ, ಸಯಾಂ ದೇಶಗಳನ್ನು ಕಂಡು, ನಮ್ಮ ಕಲ್ಕತ್ತ ಮುಂಬಯಿಗಳನ್ನೂ ಹಾದು, ಯೂರೋಪಿನ ಅರಸರ ಆತಿಥ್ಯವನ್ನು ಪಡೆದು, ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ನಗರವನ್ನು ಸೇರಿದನು. ಅಲ್ಲಿ ಅವನು ಮುಖ್ಯವಾಗಿ ಕಾಣಬಯಸಿದುದು ಒಬ್ಬ ಯಂತ್ರಶಿಲ್ಪಿಯನ್ನು. ಥಾಮಸ್ ಆಲ್ವಾ ಎಡಿಸನ್ ಗಾಜಿನ ಬುರುಡೆಯೊಳಗೆ ಬೆಳಕನ್ನು ಸೆರೆಹಿಡಿದು ಆಗ ಎರಡು ವರ್ಷವಾಗಿದ್ದಿತು. ತನ್ನ ರಾಜಧಾನಿಯಾದ ಹೊನೊಲುಲುವಿಗೂ ಅಂಥ ದೀಪಗಳು ಬೇಕೆಂಬುದು ದೊರೆಯ ಆಸೆ. ಮಾತಿನ ನಡುವೆ ಜ್ವಾಲಾಮುಖಿಯ ಪ್ರಸ್ತಾಪವೂ ಬಂದಿತು. ಹವಾಯಿಯಲ್ಲಿ ಹಗಲಿರುಳೂ ಉರಿಯುತ್ತಿರುವ ಬೆಟ್ಟದ ಶಕ್ತಿಯಿಂದ ವಿದ್ಯುತ್ತನ್ನು ಹುಟ್ಟಿಸಿ, ಕಡಲಡಿಯ ತಂತಿಯ ಮೂಲಕ ಪಟ್ಟಣಕ್ಕೆ ತರಬಹುದೇ ಎಂಬ ವಿಚಾರವನ್ನು ಅಂದು ಅಲ್ಲಿ ಎತ್ತಿದ್ದುಂಟು.

ಕೇಳಿದವರು ನಕ್ಕಿರಲೂಬಹುದು. ದೊರೆ ಊರಿಗೆ ಹಿಂದಿರುಗಿ ಕೆಲವು ವರ್ಷಗಳಲ್ಲಿಯೇ ತನ್ನ ಅರಮನೆಗೆ ವಿದ್ಯುದ್ದೀಪಗಳನ್ನು ಹಾಕಿಸಿದನು. 1888ರಲ್ಲಿ ಹೊನೊಲುಲುವಿನ ಬೀದಿಗಳೂ ಬೆಳಗಿದುವು. ಆದರೆ ಆ ಬೆಳಕು ಬಂದದ್ದು ಜ್ವಾಲಾಮುಖಿಯಿಂದಲ್ಲ, ಪಕ್ಕದ ನುವಾನು ಕಣಿವೆಯ ನೀರಿನಿಂದ. ಬೆಂಕಿಯ ಬೆಟ್ಟ ಇದ್ದುದು ಬೇರೊಂದು ದ್ವೀಪದಲ್ಲಿ. ನಡುವೆ ಸಾವಿರಾರು ಅಡಿ ಆಳದ ಕಡಲು. ಒಂದು ನೂರು ವರ್ಷ ಕಳೆದ ಮೇಲೆ, 1980ರ ದಶಕದಲ್ಲಿ, ಎಂಜಿನಿಯರುಗಳು ಆ ಹಳೆಯ ಮಾತನ್ನು ಮತ್ತೆ ಎತ್ತಿ, 500 ಮೆಗಾವ್ಯಾಟ್ ಶಕ್ತಿಯನ್ನು ಕಡಲಡಿಯ ತಂತಿಯಿಂದ ಸಾಗಿಸುವ ಯೋಜನೆಯನ್ನು ಹಾಕಿದರು, ಪ್ರಯೋಗಗಳನ್ನೂ ನಡೆಸಿದರು. ಯೋಜನೆ ಕೈಗೂಡಲಿಲ್ಲ. ಇಂದಿಗೂ ಆ ದ್ವೀಪಗಳಲ್ಲಿ ಒಂದರ ವಿದ್ಯುತ್ತು ಇನ್ನೊಂದಕ್ಕೆ ಹರಿಯುವುದಿಲ್ಲ. ಪ್ರತಿಯೊಂದು ದ್ವೀಪವೂ ತನ್ನ ಒಲೆಯನ್ನು ತಾನೇ ಹಚ್ಚಿಕೊಳ್ಳಬೇಕು.

ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ನೆರೆಮನೆಯಿಂದ ಕಡ ತರಲಾಗದವನ ಮನೆವಾರ್ತೆಯಲ್ಲಿಯೇ ಮನೆವಾರ್ತೆಯ ನಿಜವಾದ ಪಾಠವಿರುವುದು.

ಇಡೀ ದ್ವೀಪಸಮೂಹಕ್ಕೆ ಹವಾಯಿಯೆಂದು ಹೆಸರಿದ್ದರೂ, ಅವುಗಳಲ್ಲಿ ಅತ್ಯಂತ ದೊಡ್ಡ ದ್ವೀಪಕ್ಕೂ ಅದೇ ಹೆಸರು. ಉಳಿದ ದ್ವೀಪಗಳನ್ನೆಲ್ಲ ಕೂಡಿಸಿದರೂ ಅದರ ವಿಸ್ತಾರಕ್ಕೆ ಸಮವಾಗುವುದಿಲ್ಲ. ಜನಸಂಖ್ಯೆಯೋ ಎರಡು ಲಕ್ಷದ ಸುಮಾರು. ಪ್ರಕೃತಿ ಆ ನೆಲಕ್ಕೆ ಕೊಟ್ಟಿರುವ ಐಶ್ವರ್ಯವನ್ನು ನೋಡಿದರೆ ಅಲ್ಲಿ ವಿದ್ಯುತ್ತಿಗೆ ಬಡತನವೇ ಇರಬಾರದು. ಪೂರ್ವದ ಹೀಲೋ ಪಟ್ಟಣದ ಸುತ್ತ ಮಳೆ ಧಾರಾಳ. ಅಲ್ಲಿ ವೈಲುಕು ನದಿ ಇಳಿದುಬರುತ್ತದೆ. ಪಶ್ಚಿಮದ ಕೋನಾ ತೀರದಲ್ಲಿ ಮಳೆ ಅಪರೂಪ. ಬಿಸಿಲು ನಿತ್ಯದ ಅತಿಥಿ. ದಕ್ಷಿಣದ ತುದಿಯಲ್ಲಿ ಮರಗಳು ಒಂದೇ ದಿಕ್ಕಿಗೆ ಬಾಗಿ ಬೆಳೆಯುವಷ್ಟು ಗಾಳಿ. ಸುತ್ತಲೂ ಮೇಲೆ ಬೆಚ್ಚಗೆ, ಆಳದಲ್ಲಿ ಹಿಮದಂತೆ ತಣ್ಣಗೆ ಇರುವ ಸಮುದ್ರ. ಆಗ್ನೇಯದಲ್ಲಿ ಕಿಲವೇಯ ಜ್ವಾಲಾಮುಖಿ. ಅಲ್ಲಿನ ಮೂಲನಿವಾಸಿಗಳ ನಂಬುಗೆಯಲ್ಲಿ ಅದು ಬೆಂಕಿಯ ದೇವತೆಯಾದ ಪೆಲೆಯ ವಾಸಸ್ಥಾನ.

ಇಷ್ಟಿದ್ದೂ ಆ ದ್ವೀಪ ಬಹುಕಾಲ ತನ್ನ ದೀಪಗಳಿಗೆ ಬೇಕಾದ ಎಣ್ಣೆಯನ್ನು ಹಡಗುಗಳಲ್ಲಿ ದೂರದಿಂದ ತರಿಸಿಕೊಂಡು ಉರಿಸಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಿದ್ಯುತ್ತಿಗೆ ಅತಿ ಹೆಚ್ಚಿನ ಬೆಲೆ ತೆರುವವರು ಹವಾಯಿಯ ಗೃಹಸ್ಥರು. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ನೆಲದೊಳಗಣ ಶಾಖವನ್ನು ಯಶಸ್ವಿಯಾಗಿ ಕೆಣಕಿದ್ದು 1976ರಲ್ಲಿ. ಪುನಾ ಎಂಬ ಪ್ರಾಂತದಲ್ಲಿ ಸುಮಾರು ಎರಡು ಕಿಲೋಮೀಟರ್ ಆಳದವರೆಗೆ ಬಾವಿ ಕೊರೆದಾಗ, ತಳದಲ್ಲಿ 350 ಡಿಗ್ರಿ ಸೆಂಟಿಗ್ರೇಡನ್ನು ಮೀರಿದ ಉಷ್ಣತೆ ಕಂಡುಬಂದಿತು. ಆ ಬಾವಿಯ ಹಬೆಯಿಂದ 1980ರ ದಶಕದಲ್ಲಿ 3 ಮೆಗಾವ್ಯಾಟಿನ ಒಂದು ಸಣ್ಣ ಸ್ಥಾವರ ನಡೆಯಿತು. 1993ರಲ್ಲಿ ಅದೇ ಪ್ರಾಂತದಲ್ಲಿ ದೊಡ್ಡ ಸ್ಥಾವರವೊಂದು ಕೆಲಸವನ್ನಾರಂಭಿಸಿ, ಮುಂದೆ 38 ಮೆಗಾವ್ಯಾಟಿಗೆ ಬೆಳೆಯಿತು.

ಇದರ ಕ್ರಮ ಗಹನವಾದುದೇನಲ್ಲ. ನಮ್ಮ ಬಚ್ಚಲುಮನೆಯ ಹಂಡೆಗೆ ಕೆಳಗಿನಿಂದ ಉರಿ ಹಾಕುವಂತೆ, ಅಲ್ಲಿ ಭೂಮಿಯೇ ಉರಿ ಹಾಕುತ್ತದೆ. ಕಾದ ನೀರೂ ಹಬೆಯೂ ಬಾವಿಯ ಮೂಲಕ ಮೇಲೆ ಬರುತ್ತವೆ. ಹಬೆ ಟರ್ಬೈನಿನ ಚಕ್ರವನ್ನು ತಿರುಗಿಸುತ್ತದೆ. ಉಳಿದ ಶಾಖ ಪೆಂಟೇನ್ ಎಂಬ, ಬೇಗನೆ ಕುದಿಯುವ ದ್ರವವನ್ನು ಆವಿ ಮಾಡಿ ಇನ್ನಷ್ಟು ಚಕ್ರಗಳನ್ನು ತಿರುಗಿಸುತ್ತದೆ. ತಣಿದ ನೀರನ್ನು ಮತ್ತೊಂದು ಬಾವಿಯಿಂದ ಭೂಮಿಗೇ ಹಿಂದಿರುಗಿಸುತ್ತಾರೆ. ಬಿಸಿಲು ಮುಳುಗಿದರೂ ಗಾಳಿ ಸತ್ತರೂ ಮಳೆ ತಪ್ಪಿದರೂ ಈ ಹಂಡೆ ಆರುವುದಿಲ್ಲ. ದ್ವೀಪಕ್ಕೆ ಬೇಕಾದ ವಿದ್ಯುತ್ತಿನಲ್ಲಿ ಸುಮಾರು ಕಾಲು ಪಾಲನ್ನು ಈ ಒಂದೇ ಸ್ಥಾವರ ವರ್ಷಗಟ್ಟಲೆ ಒದಗಿಸಿತು.

ಆದರೂ ಅದನ್ನು ಎಲ್ಲರೂ ಸಂತೋಷದಿಂದ ಬರಮಾಡಿಕೊಳ್ಳಲಿಲ್ಲ. ಪೆಲೆಯನ್ನು ಪೂಜಿಸುವವರಿಗೆ ಬೆಟ್ಟವನ್ನು ಕೊರೆಯುವುದೆಂದರೆ ದೇವಿಯ ಮೈಯನ್ನು ಕೊರೆದಂತೆ. ಅವರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. 1991ರ ಜೂನ್ ತಿಂಗಳಲ್ಲಿ ಕೊರೆಯುತ್ತಿದ್ದ ಬಾವಿಯೊಂದು ಹಿಡಿತ ತಪ್ಪಿ ಸಿಡಿದು, ದುರ್ವಾಸನೆಯ ಗಂಧಕದ ಅನಿಲವನ್ನು ಕಾರಿದಾಗ, ಸುತ್ತಲ ಜನ ಮನೆ ಬಿಟ್ಟು ಹೊರಡಬೇಕಾಯಿತು. ಬೆಳಕು ಹೋಗುವುದು ಪಟ್ಟಣಗಳಿಗೂ ಪ್ರವಾಸಿಗಳ ಹೋಟೆಲುಗಳಿಗೂ. ವಾಸನೆ ಉಳಿಯುವುದು ಪುನಾದವರ ಅಂಗಳದಲ್ಲಿ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆನ್ನುವುದು ಸುಲಭ. ಪಕ್ಕದಲ್ಲಿ ವಾಸಿಸುವುದು ಸುಲಭವಲ್ಲ.

ಇನ್ನು ಸಮುದ್ರದ ಕಥೆ. ಕಲಾಕೌವ ಎಡಿಸನ್ನನನ್ನು ಕಂಡ ಅದೇ 1881ರಲ್ಲಿ ಫ್ರಾನ್ಸಿನ ವಿಜ್ಞಾನಿ ದಾರ್ಸೊನ್ವಾಲ್ ಇನ್ನೊಂದು ವಿಚಾರವನ್ನು ಮುಂದಿಟ್ಟನು. ಉಷ್ಣವಲಯದ ಸಾಗರದಲ್ಲಿ ಮೇಲಿನ ನೀರು ಬೆಚ್ಚಗೆ, ಆಳದ ನೀರು ತಣ್ಣಗೆ ಇರುವುದಷ್ಟೆ. ಈ ಎರಡರ ನಡುವಣ ವ್ಯತ್ಯಾಸವೇ ಯಂತ್ರವನ್ನು ನಡೆಸಲು ಸಾಕೆಂಬುದು ಅವನ ವಾದ. ಬೆಚ್ಚನೆಯ ನೀರಿನಿಂದ, ಸ್ವಲ್ಪ ಶಾಖಕ್ಕೇ ಕುದಿಯುವ ದ್ರವವನ್ನು ಆವಿ ಮಾಡಬೇಕು. ಆವಿ ಚಕ್ರವನ್ನು ತಿರುಗಿಸಬೇಕು. ಆಳದ ತಣ್ಣೀರಿನಿಂದ ಆವಿಯನ್ನು ಮತ್ತೆ ದ್ರವ ಮಾಡಬೇಕು. ಕೋನಾ ತೀರದಲ್ಲಿ ಮೇಲಿನ ನೀರಿನ ಉಷ್ಣತೆ ಸುಮಾರು 26 ಡಿಗ್ರಿ, ಸಾವಿರ ಗಜದಾಳದ ನೀರಿನದು 6 ಡಿಗ್ರಿಯ ಆಸುಪಾಸು. ಈ ಇಪ್ಪತ್ತು ಡಿಗ್ರಿಗಳ ಅಂತರದಿಂದ, ಭೌತಶಾಸ್ತ್ರದ ನಿಯಮದಂತೆ, ಶಾಖದ ನೂರು ಪಾಲಿನಲ್ಲಿ ಏಳು ಪಾಲನ್ನೂ ಶಕ್ತಿಯಾಗಿ ಪಡೆಯಲಾಗದು. ಕಾರ್ಯತಃ ಸಿಕ್ಕುವುದು ಅದರ ಅರ್ಧದಷ್ಟು. ಲಾಭ ಸ್ವಲ್ಪ, ಆದರೆ ಬಂಡವಾಳ ಇಡೀ ಸಾಗರ.

ನಿಯಾನ್ ದೀಪವನ್ನು ಜಗತ್ತಿಗೆ ಕೊಟ್ಟ ಜಾರ್ಜ್ ಕ್ಲೋದ್ ಎಂಬವನು ದಾರ್ಸೊನ್ವಾಲನ ಶಿಷ್ಯ. ಅವನು 1930ರಲ್ಲಿ ಕ್ಯೂಬಾದ ಮತಾನ್ಸಾಸ್ ಕೊಲ್ಲಿಯಲ್ಲಿ ಇದನ್ನು ಮಾಡಿ ತೋರಿಸಿದನು. ಎರಡು ಕಿಲೋಮೀಟರ್ ಉದ್ದದ ಕೊಳವೆಯನ್ನು ಕಡಲಿಗಿಳಿಸುವಾಗ ಎರಡು ಸಲ ಸೋತು ಮೂರನೆಯ ಸಲ ಗೆದ್ದನು. 22 ಕಿಲೋವ್ಯಾಟ್ ವಿದ್ಯುತ್ತು ಹುಟ್ಟಿತು. ಆದರೆ ಯಂತ್ರವನ್ನು ನಡೆಸಲು ಅದಕ್ಕಿಂತ ಹೆಚ್ಚು ಶಕ್ತಿ ಬೇಕಾಯಿತು. ಹೆಚ್ಚು ದಿನ ಕಳೆಯುವ ಮೊದಲೇ ಸಮುದ್ರ ಆ ಕೊಳವೆಯನ್ನು ಮುರಿದುಹಾಕಿತು. ಖರ್ಚು ಕಳೆದು ಉಳಿತಾಯ ತೋರಿಸಿದ್ದು ಹವಾಯಿ. 1979ರಲ್ಲಿ ಕೋನಾ ತೀರದಲ್ಲಿ ಒಂದು ದೋಣಿಯ ಮೇಲಿಟ್ಟ ಯಂತ್ರ 50 ಕಿಲೋವ್ಯಾಟ್ ಉತ್ಪಾದಿಸಿ, ತನ್ನ ಪಂಪುಗಳಿಗೆ ಬೇಕಾದುದನ್ನು ಕಳೆದು ಕೆಲವೇ ಕಿಲೋವ್ಯಾಟನ್ನು ಮಿಗಿಸಿತು. 1993ರಿಂದ 1998ರವರೆಗೆ ಅದೇ ತೀರದಲ್ಲಿ ಇನ್ನೂ ದೊಡ್ಡ ಪ್ರಯೋಗ ನಡೆಯಿತು. 2015ರಲ್ಲಿ ಸುಮಾರು 100 ಕಿಲೋವ್ಯಾಟಿನ ಪ್ರಯೋಗಸ್ಥಾವರವೊಂದು ದ್ವೀಪದ ವಿದ್ಯುಜ್ಜಾಲಕ್ಕೇ ಸೇರಿಕೊಂಡಿತು. ನೂರಿಪ್ಪತ್ತು ಮನೆಗಳಿಗೆ ಸಾಲುವಷ್ಟು ಶಕ್ತಿ ಅದು. ದ್ವೀಪದ ಲೆಕ್ಕದಲ್ಲಿ ಕಡಲೊಳಗಿನ ಹನಿ. ಆದರೆ ಅದಕ್ಕೆಂದು ಮೇಲೆ ತಂದ ತಣ್ಣೀರು ಕಟ್ಟಡಗಳನ್ನು ತಂಪಾಗಿಡುವುದಕ್ಕೂ ಮೀನು ಪಾಚಿಗಳ ಸಾಕಣೆಗೂ ಒದಗಿ, ಕೊಳವೆಯ ಖರ್ಚನ್ನು ಹಲವರ ಹೆಗಲಿಗೆ ಹಂಚಿತು.

ಕಡಲಿನ ಈ ಪಾಠ ನಮ್ಮವರಿಗೂ ಹೊಸದಲ್ಲ. 2000ದ ದಶಕದ ಆರಂಭದಲ್ಲಿ ನಮ್ಮ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ತೂತ್ತುಕುಡಿಯ ಆಚೆ 'ಸಾಗರ ಶಕ್ತಿ' ಎಂಬ ತೇಲುನೌಕೆಯ ಮೇಲೆ 1 ಮೆಗಾವ್ಯಾಟಿನ ಇಂಥದೇ ಯಂತ್ರವನ್ನು ಕಟ್ಟಿತು. ತಣ್ಣೀರಿನ ಉದ್ದ ಕೊಳವೆ ಅಲ್ಲಿಯೂ ಕಡಲ ಪಾಲಾಯಿತು. ಆದರೆ ಕಲಿತ ವಿದ್ಯೆ ವ್ಯರ್ಥವಾಗಲಿಲ್ಲ. ಅದೇ ಸಂಸ್ಥೆ 2005ರಲ್ಲಿ ಲಕ್ಷದ್ವೀಪದ ಕವರತ್ತಿಯಲ್ಲಿ, ಇದೇ ಬಿಸಿ-ತಣ್ಣನೆಯ ಅಂತರವನ್ನು ಬಳಸಿ, ದಿನಕ್ಕೆ 1 ಲಕ್ಷ ಲೀಟರ್ ಸಿಹಿನೀರನ್ನು ಕೊಡುವ ಸ್ಥಾವರವನ್ನು ನಿಲ್ಲಿಸಿತು. ವಿದ್ಯುತ್ತು ಬಾರದಿದ್ದರೂ ಮನೆಮನೆಗೆ ಕುಡಿಯುವ ನೀರು ಬಂದಿತು.

ಹೀಗೆ ಹವಾಯಿ ದ್ವೀಪದ ಶಕ್ತಿಮೂಲಗಳನ್ನು ಒಂದು ಅವಿಭಕ್ತ ಕುಟುಂಬವೆಂದು ಭಾವಿಸಬಹುದು. ಬಿಸಿಲು ಮನೆಯ ಸಂಪಾದಿಸುವ ಮಗನಂತೆ. ತರುವುದು ಹೇರಳ, ಸಂಜೆಯಾದ ಕೂಡಲೆ ನಾಪತ್ತೆ. ಆದರೆ ಜನ ಅಡಿಗೆ ಮಾಡುವುದೂ ದೀಪ ಹಚ್ಚುವುದೂ ಸಂಜೆಯೇ. ಗಾಳಿ ಮನಸ್ಸು ಬಂದಾಗ ಬರುವ ನೆಂಟ. ದಕ್ಷಿಣದ ತುದಿಯಲ್ಲಿ 2007ರಲ್ಲಿ ನಿಂತ ಪಾಕಿನಿ ನುಯಿ ಗಾಳಿಯಂತ್ರಗಳು 20.5 ಮೆಗಾವ್ಯಾಟಿನವು, ಬೀಸಿದರೆ ಉಂಟು, ಇಲ್ಲವಾದರೆ ಇಲ್ಲ. ನದಿ ಮಳೆಗಾಲದ ಬಂಧು. ಭೂಮಿಯ ಶಾಖವೋ ಮನೆಯ ಅಜ್ಜಿ. ಹೆಚ್ಚು ತರುವುದಿಲ್ಲ, ಆದರೆ ಹೊತ್ತಿಗೆ ಸರಿಯಾಗಿ ಒಲೆಯ ಮುಂದೆ ಇರುತ್ತಾಳೆ.

ಇವರೆಲ್ಲರನ್ನೂ ಹೊಂದಿಸುವುದು ಬರಿಯ ಕೂಡುಲೆಕ್ಕವಲ್ಲ. ವಿದ್ಯುತ್ತು ಕಣಜದಲ್ಲಿ ತುಂಬಿಡುವ ಭತ್ತದಂತಲ್ಲ. ಹುಟ್ಟಿದ ಕ್ಷಣದಲ್ಲಿಯೇ ವೆಚ್ಚವಾಗಬೇಕು. ಅಮೆರಿಕದ ಪದ್ಧತಿಯಂತೆ ಅಲ್ಲಿನ ಪ್ರವಾಹ ಸೆಕೆಂಡಿಗೆ 60 ಸಲ ಮಿಡಿಯುತ್ತದೆ. ಹುಟ್ಟುವುದೂ ವೆಚ್ಚವಾಗುವುದೂ ಸಮವಾಗಿದ್ದರೆ ಮಾತ್ರ ಆ ಮಿಡಿತ ಸ್ಥಿರ. ಒಂದೇ ಒರಳಿಗೆ ಒನಕೆ ಹಾಕುವ ಇಬ್ಬರು ಹೆಂಗಸರಲ್ಲಿ ಒಬ್ಬಳ ಕೈ ತಡವಾದರೂ ಏಟು ತಪ್ಪುತ್ತದೆ. ದೊಡ್ಡ ದೇಶದಲ್ಲಾದರೆ ಒಂದು ಪ್ರಾಂತದಲ್ಲಿ ಮೋಡ ಕವಿದಾಗ ಇನ್ನೊಂದು ಪ್ರಾಂತ ಕೈಹಿಡಿಯುತ್ತದೆ. ಒಂಟಿ ದ್ವೀಪಕ್ಕೆ ಆ ಭಾಗ್ಯವಿಲ್ಲ. ಆದುದರಿಂದಲೇ ಅಲ್ಲಿ ಭೂಮಿಯ ಶಾಖಕ್ಕೆ ಅದರ ಗಾತ್ರವನ್ನು ಮೀರಿದ ಬೆಲೆ.

ಹಾಗಿರುವಾಗ 2018ರ ಮೇ ತಿಂಗಳು ಬಂದಿತು.

ಮೇ 3ರಂದು ಪುನಾ ಪ್ರಾಂತದ ಒಂದು ಬಡಾವಣೆಯ ನಡುಬೀದಿಯಲ್ಲಿ ನೆಲ ಬಿರಿದು ಲಾವಾರಸ ಮೇಲಕ್ಕೆ ಚಿಮ್ಮಿತು. ಮರುದಿನ ಬಲವಾದ ಭೂಕಂಪ. ಸ್ಥಾವರವಿದ್ದುದು ಆ ಬಿರುಕುಗಳ ಪಕ್ಕದಲ್ಲಿಯೇ. ಕೂಡಲೆ ಯಂತ್ರಗಳನ್ನು ನಿಲ್ಲಿಸಲಾಯಿತು. ಬೆಂಕಿ ತಗುಲಿದರೆ ಸಿಡಿಯಬಹುದಾಗಿದ್ದ ಸುಮಾರು 60,000 ಗ್ಯಾಲನ್ ಪೆಂಟೇನನ್ನು ಆತುರಾತುರವಾಗಿ ದೂರ ಸಾಗಿಸಿದರು. ವಿಷಾನಿಲ ಹೊರಬಾರದಂತೆ ಬಾವಿಗಳಿಗೆ ತಣ್ಣೀರನ್ನು ಸುರಿದು ಅದುಮಿದರು. ತಿಂಗಳ ಕೊನೆಗೆ ಲಾವಾರಸ ಸ್ಥಾವರದ ಆವರಣವನ್ನು ಹೊಕ್ಕು, ಎರಡು ಬಾವಿಗಳ ಬಾಯನ್ನು ಮುಚ್ಚಿ ಮುಂದಕ್ಕೆ ಹರಿಯಿತು. ಜನ ಭಯಪಟ್ಟಿದ್ದ ವಿಷಾನಿಲದ ಅನಾಹುತ ಸಂಭವಿಸಲಿಲ್ಲ. ಆದರೆ ಆ ಬೇಸಗೆಯಲ್ಲಿ ಪುನಾದ 700ಕ್ಕೂ ಹೆಚ್ಚು ಮನೆಗಳು ಲಾವಾರಸದ ಪಾಲಾದುವು. ತಮ್ಮ ದೇವಿ ತನ್ನದನ್ನು ತಾನು ಹಿಂದಕ್ಕೆ ತೆಗೆದುಕೊಂಡಳೆಂದು ಮನೆ ಕಳೆದುಕೊಂಡವರಲ್ಲಿಯೂ ಕೆಲವರು ಹೇಳಿದರು.

ಎಂದೂ ಕೈಕೊಡದ ಅಜ್ಜಿ ಒಂದೇ ದಿನದಲ್ಲಿ ಒಲೆಯ ಮುಂದಿನಿಂದ ಎದ್ದುಹೋದಳು. ದ್ವೀಪ ಕತ್ತಲಲ್ಲಿ ಮುಳುಗಲಿಲ್ಲವೆಂಬುದು ನಿಜ. ಹಳೆಯ ತೈಲಯಂತ್ರಗಳು ಆ ಭಾರವನ್ನು ಹೊತ್ತುವು. ಆದರೆ ಅದರ ಬೆಲೆ ಲೆಕ್ಕದಲ್ಲಿ ಕಾಣಿಸಿತು. 2017ರಲ್ಲಿ ಬತ್ತದ ಮೂಲಗಳಿಂದ ಬರುತ್ತಿದ್ದ ವಿದ್ಯುತ್ತು ದ್ವೀಪದ ಬೇಡಿಕೆಯ ಅರ್ಧಕ್ಕಿಂತಲೂ ಹೆಚ್ಚಾಗಿದ್ದಿತು. 2019ರ ವೇಳೆಗೆ ಅದು ಮೂರರಲ್ಲಿ ಒಂದು ಪಾಲಿನ ಸಮೀಪಕ್ಕೆ ಇಳಿಯಿತು. ಸ್ಥಾವರ ಮತ್ತೆ ವಿದ್ಯುತ್ತನ್ನು ಕೊಡತೊಡಗಿದ್ದು 2020ರ ನವೆಂಬರಿನಲ್ಲಿ. ಎರಡೂವರೆ ವರ್ಷ ದ್ವೀಪ ತನ್ನ ಬೆಂಕಿಯ ಬದಲು ಪರರ ಎಣ್ಣೆಯನ್ನು ಉರಿಸಿತು.

ಇದು ಹವಾಯಿಗೊಂದಕ್ಕೇ ಬಂದ ವಿಪತ್ತೂ ಅಲ್ಲ. ನೆಲದ ಶಾಖವನ್ನು ನೆಚ್ಚಿ ಬಾಳುವ ಇನ್ನೊಂದು ದ್ವೀಪ, ಐಸ್‌ಲ್ಯಾಂಡ್. ಅಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳನ್ನು ಬೆಚ್ಚಗಿಡುವುದು ಭೂಮಿಯ ಬಿಸಿನೀರು. 2024ರ ಫೆಬ್ರುವರಿಯಲ್ಲಿ, ಕೊರೆಯುವ ಚಳಿಯ ನಡುವೆ, ಸ್ವಾರ್ತ್ಸೆಂಗಿ ಸ್ಥಾವರದಿಂದ ಹೊರಟ ಬಿಸಿನೀರಿನ ಕೊಳವೆಯ ಮೇಲೆ ಲಾವಾರಸ ಹರಿದು, ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನ ಕೆಲವು ದಿನ ತಣ್ಣನೆಯ ಮನೆಗಳಲ್ಲಿ ಕಾಲ ಕಳೆದರು. ಅವರನ್ನು ಕಾಪಾಡಿದ್ದು ವಿದ್ಯುತ್ತಿನ ಸಣ್ಣ ಒಲೆಗಳು. ಅಲ್ಲಿನ ವಿದ್ಯುತ್ತಿನ ಹೆಚ್ಚು ಪಾಲು ಬರುವುದು ನದಿಗಳಿಂದ. ಲಾವಾರಸ ಆ ನದಿಗಳನ್ನು ಮುಟ್ಟಿರಲಿಲ್ಲ.

ಹಲವು ಮೂಲಗಳನ್ನು ಬೆರೆಸುವುದರ ಅರ್ಥ ಇಲ್ಲಿ ತಿಳಿಯುತ್ತದೆ. ಸ್ಥಿರವಾದುದನ್ನು ಸುರಕ್ಷಿತವೆಂದು ಬಗೆಯುವುದು ಮನುಷ್ಯನ ಸ್ವಭಾವ. ಆದರೆ ಅವೆರಡೂ ಒಂದಲ್ಲ. ಬಿಸಿಲು ದಿನವೂ ಕೈಕೊಡುತ್ತದೆ; ಕೊಡುವ ಹೊತ್ತು ಗೊತ್ತಿರುವುದರಿಂದ ಸಿದ್ಧವಾಗಿರಬಹುದು. ಗಾಳಿ ಆಗಾಗ ಕೈಕೊಡುತ್ತದೆ, ಸ್ವಲ್ಪಸ್ವಲ್ಪವಾಗಿ. ಭೂಮಿಯ ಶಾಖ ಎಂದೋ ಒಮ್ಮೆ ಕೈಕೊಡುತ್ತದೆ, ಆದರೆ ಒಮ್ಮೆಗೇ, ಪೂರ್ತಿಯಾಗಿ. ಸಮುದ್ರದ ಯಂತ್ರಕ್ಕೆ ಕೊಳವೆಯೇ ಪ್ರಾಣ. ಆದ್ದರಿಂದ ಎಷ್ಟು ಬಗೆಯ ಮೂಲಗಳಿವೆ ಎಂದು ಎಣಿಸಿದರೆ ಸಾಲದು; ಅವು ಯಾವ ಯಾವ ಕಾರಣಕ್ಕೆ ಸೋಲುತ್ತವೆ ಎಂಬುದನ್ನು ನೋಡಬೇಕು. ಒಂದೇ ಕಾರಣಕ್ಕೆ ಸೋಲುವ ಹತ್ತು ಮೂಲಗಳಿಗಿಂತ ಬೇರೆ ಬೇರೆ ಕಾರಣಕ್ಕೆ ಸೋಲುವ ಮೂರು ಮೂಲಗಳು ಮೇಲು. ಒಂದೇ ಕೆರೆಯ ನೀರುಣ್ಣುವ ಹತ್ತು ಗದ್ದೆಗಳುಳ್ಳ ರೈತನಿಗಿಂತ, ಒಂದು ಗದ್ದೆ, ಒಂದು ಹೊಲ, ಎರಡು ಎಮ್ಮೆಗಳುಳ್ಳವನು ಬರಗಾಲದಲ್ಲಿ ನೆಮ್ಮದಿಯಾಗಿರುವುದನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಕಾಣದೆ ಇಲ್ಲ.

ಹಣದ ಲೆಕ್ಕದಲ್ಲಿಯೂ ಇಂಥದೇ ಒಂದು ಗಂಟು ಬಹುಕಾಲ ಅಡಗಿದ್ದಿತು. ಪುನಾದ ಹಬೆಗೆ ಹಡಗಿನ ಬಾಡಿಗೆಯಿಲ್ಲ, ಎಣ್ಣೆಯ ಖರ್ಚಿಲ್ಲ. ಆದರೂ ಹಳೆಯ ಕರಾರಿನಂತೆ ಅದರ ವಿದ್ಯುತ್ತಿನ ಬಹುಭಾಗಕ್ಕೆ ತೈಲದ ಬೆಲೆಯನ್ನನುಸರಿಸಿ ದರ ಕಟ್ಟುತ್ತಿದ್ದರು. ದೂರದ ದೇಶದಲ್ಲಿ ಯುದ್ಧವಾಗಿ ಎಣ್ಣೆ ತುಟ್ಟಿಯಾದರೆ, ತಮ್ಮ ಊರಿನ ನೆಲದ ಹಬೆಗೂ ಗೃಹಸ್ಥರು ಹೆಚ್ಚು ತೆರಬೇಕು. ಮೂಲಗಳು ಬೇರೆಯಾದರೂ ಬೆಲೆಯ ಹಗ್ಗ ಒಂದೇ ಗೂಟಕ್ಕೆ ಕಟ್ಟಿದ್ದರೆ ಬಂದ ಫಲವೇನು? 2022ರಲ್ಲಿ ಒಪ್ಪಿಗೆ ಪಡೆದ ಹೊಸ ಕರಾರು ಆ ಹಗ್ಗವನ್ನು ಬಿಚ್ಚಿತು. ಸ್ಥಾವರವನ್ನು 46 ಮೆಗಾವ್ಯಾಟಿಗೆ ಹೆಚ್ಚಿಸಲೂ ಅನುಮತಿ ದೊರೆಯಿತು.

ಅಜ್ಜಿ ಮನೆಗೆ ಹಿಂದಿರುಗಿದಳೆಂದು ಈ ಬಾರಿ ದ್ವೀಪ ನಿಶ್ಚಿಂತೆಯಿಂದ ಕೂಡಲಿಲ್ಲ. 2023ರಲ್ಲಿ ಪಶ್ಚಿಮದ ವೈಕೊಲೋವದಲ್ಲಿ 30 ಮೆಗಾವ್ಯಾಟಿನ ಸೌರಸ್ಥಾವರ ಕೆಲಸಕ್ಕೆ ಬಂದಿತು. ಅದರ ಜತೆಗೆ ಬ್ಯಾಟರಿಗಳ ಸಾಲು: ಹಗಲಿನ ಬಿಸಿಲನ್ನು ಕೂಡಿಟ್ಟು, ಜನ ದೀಪ ಹಚ್ಚುವ ಹೊತ್ತಿಗೆ, ಅದೇ 30 ಮೆಗಾವ್ಯಾಟಿನಂತೆ ನಾಲ್ಕು ಗಂಟೆಗಳ ಕಾಲ ಕೊಡಬಲ್ಲವು. ಸಂಪಾದಿಸುವ ಮಗ ಸಂಜೆಗೂ ಒಂದಿಷ್ಟು ಮನೆಯಲ್ಲಿಟ್ಟು ಹೋಗಲು ಕಲಿತನೆನ್ನಬಹುದು. 2045ರ ವೇಳೆಗೆ ವಿದ್ಯುತ್ತೆಲ್ಲವೂ ಬತ್ತದ ಮೂಲಗಳಿಂದಲೇ ಬರಬೇಕೆಂದು 2015ರಲ್ಲಿಯೇ ಹವಾಯಿ ಕಾನೂನು ಮಾಡಿಕೊಂಡಿದೆ. ಅಮೆರಿಕದ ಸಂಸ್ಥಾನಗಳಲ್ಲಿ ಹಾಗೆ ಗೊತ್ತುಮಾಡಿಕೊಂಡದ್ದು ಅದೇ ಮೊದಲು.

ಆ ಗಡುವಿನೊಳಗೆ ಪುನಾದಲ್ಲಿ ಇನ್ನೂ ಬಾವಿಗಳು ಬೇಕಾಗಬಹುದು. ಅವನ್ನು ಎಲ್ಲಿ ಕೊರೆಯಬೇಕು, ಕೊರೆಯಲೇಬೇಕೇ ಎಂಬ ವಾದ ಮುಗಿದಿಲ್ಲ, ಮುಗಿಯುವಂಥದೂ ಅಲ್ಲ. ಲಾವಾರಸದ ಕೆಳಗೆ ಮನೆ ಕಳೆದುಕೊಂಡವರೂ, ಬೆಟ್ಟಕ್ಕೆ ಕೈಮುಗಿಯುವವರೂ, ತಿಂಗಳ ಕೊನೆಯಲ್ಲಿ ವಿದ್ಯುತ್ತಿನ ಬಿಲ್ಲನ್ನು ಹಿಡಿದು ಚಿಂತಿಸುವ ಗೃಹಿಣಿಯರೂ ಒಂದೇ ಸಭೆಯಲ್ಲಿ ಕುಳಿತು ಅದನ್ನು ತೀರ್ಮಾನಿಸಬೇಕಾಗಿದೆ. ಮೂಲಗಳನ್ನು ಹೊಂದಿಸುವುದಕ್ಕಿಂತ ಅವರನ್ನು ಹೊಂದಿಸುವುದೇ ಕಷ್ಟ.